ಕನೆಕ್ಷನ್ ಸ್ಟ್ರಿಂಗ್ ಮುರಳಿ

ನಮ್ಮ ಆಫೀಸಿನಲ್ಲಿ ಇಬ್ಬರು ಮುರಳಿಗಳಿದ್ದುದರಿಂದ ಒಬ್ಬನಿಗೆ ಅಕೌಂಟ್ಸ್ ಮುರಳಿ ಎಂದೂ ಇನ್ನೊಬ್ಬನಿಗೆ ಕನೆಕ್ಷನ್ ಸ್ಟ್ರಿಂಗ್ ಮುರಳಿ ಎಂದೂ ಹೆಸರು ಬಿತ್ತು. ಅಕೌಂಟ್ಸ್ ಮುರಳಿ ಕೆಲಸ ಬಿಟ್ಟು ಮಸ್ಕತ್‌ಗೆ ಹೋದ ಮೇಲೂ ಇವನ ಹೆಸರು ಇವನನ್ನು ಬಿಡಲಿಲ್ಲ. ಅಪ್ಪ ಅಮ್ಮ ಇಟ್ಟದ್ದು ಮುರಳೀಧರ ಎಂದು. ಅದು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಆಫೀಸು ಮದರಾಸಿನ ಕೋಡಂಬಾಕ್ಕಂನಲ್ಲಿ, ಹಿಂದೆ ಡಬ್ಬಿಂಗ್ ಥಿಯೇಟರ್ ಆಗಿದ್ದ ಒಂದು ಕಟ್ಟಡದ ಮಾಳಿಗೆಯ ಮೇಲಿತ್ತು. ರಕ್ತ ಪರೀಕ್ಷೆಯ ಲ್ಯಾಬ್‌ಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವುದು ನಮ್ಮ ಕೆಲಸ. ನಾನು ನಂಜನಗೂಡಿನ ಕಡೆಯವನು, ಹೆಸರು ಅಂದಾನಿ; ತೊಂಬತ್ತೆಂಟರಲ್ಲಿ ಅಲ್ಲಿ ಸೇರಿದೆ. ಕನ್ನಡ ಮಾತಾಡುವ ಇನ್ನೊಬ್ಬ ಪ್ರಾಣಿ ಅಲ್ಲಿದ್ದಾನೆ ಎಂದು ಗೊತ್ತಾದಾಗ ಆದ ಸಂತೋಷ ಅವನ ಕನ್ನಡ ಕೇಳಿದಾಗ ಅರ್ಧ ಇಳಿಯಿತು. ಅವನ ಅಜ್ಜನ ಕಾಲದಲ್ಲೇ ಮದರಾಸಿಗೆ ಬಂದು ನೆಲೆಸಿದ ಮಾಧ್ವರ ಮನೆ. ಕನ್ನಡವೋ ತಮಿಳೋ ಎಂದು ನಾನು ತೀರ್ಮಾನಿಸುವಷ್ಟರಲ್ಲಿ ಅವನ ವಾಕ್ಯ ಮುಗಿದಿರುತ್ತಿತ್ತು. ಮುಗಿಯುವಾಗ ತಮಿಳಿನ ಒಂದು 'ಪಾ' ಇದ್ದೇ ಇರುತ್ತಿತ್ತು.

ಕನೆಕ್ಷನ್ ಸ್ಟ್ರಿಂಗ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಪ್ರೋಗ್ರಾಂ ಡೇಟಾಬೇಸಿನ ಬಾಗಿಲು ತಟ್ಟುವಾಗ ಹೇಳಬೇಕಾದ ಒಂದು ಸಾಲು. ಯಾವ ಸರ್ವರ್, ಅದರಲ್ಲಿ ಯಾವ ಡೇಟಾಬೇಸ್, ಬಂದವರು ಯಾರು, ಪಾಸ್‌ವರ್ಡ್ ಏನು, ಇಷ್ಟನ್ನೂ ಸೆಮಿಕೋಲನ್ ಹಾಕಿ ಹಾಕಿ ಒಂದಕ್ಕೊಂದು ಸೇರಿಸಬೇಕು. ಬುದ್ಧಿ ಇರುವವರು ಈ ಸಾಲನ್ನು ಒಂದು ಕಡೆ ಬರೆದಿಟ್ಟು ಎಲ್ಲ ಪ್ರೋಗ್ರಾಂಗಳೂ ಅಲ್ಲಿಂದಲೇ ಓದಿಕೊಳ್ಳುವ ಹಾಗೆ ಮಾಡುತ್ತಾರೆ. ನಮ್ಮಲ್ಲಿ ಸಕ್ಕರೆ ಪರೀಕ್ಷೆಗೆ ಒಂದು ಪ್ರೋಗ್ರಾಂ, ಥೈರಾಯ್ಡ್‌ಗೆ ಒಂದು, ಬಿಲ್ಲಿಗೆ ಒಂದು. ಪ್ರತಿಯೊಂದರ ಹೊಟ್ಟೆಯೊಳಗೂ ಬೇರೆ ಬೇರೆ ಸಾಲು. ಯಾವುದೋ ಲ್ಯಾಬ್‌ನವರು ಸರ್ವರ್ ಬದಲಾಯಿಸಿದರು ಅಥವಾ ಪಾಸ್‌ವರ್ಡ್ ಬದಲಾಯಿಸಿದರು ಎಂದರೆ ಮುರಳಿ ಬಸ್ಸು ಹತ್ತಬೇಕು. ಅಲ್ಲಿ ಹೋಗಿ ಒಂದೊಂದೇ ಪ್ರೋಗ್ರಾಂ ತೆರೆದು, ಸಾಲು ತಿದ್ದಿ, ಮತ್ತೆ ಕಂಪೈಲ್ ಮಾಡಿ, ಎಲ್ಲ ಕಂಪ್ಯೂಟರಿಗೂ ಹಾಕಿ ಬರಬೇಕು. ತಾಂಬರಂನಿಂದ ತಿರುವೊಟ್ಟಿಯೂರಿನವರೆಗೆ ಅವನು ಸಾಲು ತಿದ್ದದ ಲ್ಯಾಬ್ ಇರಲಿಲ್ಲ.

ಒಂದು ದಿನ ಊಟದ ಹೊತ್ತಿನಲ್ಲಿ ನಾನು ಕೇಳಿಯೇಬಿಟ್ಟೆ. "ಯಾಕ್ ಮುರಳಿ ಹಿಂಗ್ ಸಾಯ್ತೀಯ? ಆ ಸಾಲ್ನ ಒಂದ್ ಫೈಲಲ್ಲಿ ಇಟ್ಬುಡು. ಲ್ಯಾಬ್‌ನೋರೇ ತಿದ್ಕತಾರೆ."

"ಹೇಳಿದೆ ಪಾ. ಓನರ್ ಒಪ್ಪಲಿಲ್ಲ. ಲ್ಯಾಬ್‌ಗೆ ನಾವು ಹೋಗ್ತಾ ಬರ್ತಾ ಇದ್ರೆ ತಾನೆ ಮೈಂಟೆನೆನ್ಸ್ ಕಾಂಟ್ರಾಕ್ಟ್ ನಿಲ್ಲೋದು ಅಂದ್ರು."

"ಎಷ್ಟ್ ಸಲ ಹೇಳ್ದೆ?"

"ಒಂದ್ ಸಲ."

"ಇನ್ನೊಂದ್ ಸಲ ಹೇಳು."

"ಇರಲಿ ಬಿಡು ಪಾ. ಪರವಾಯಿಲ್ಲೆ."

ಈ ಪರವಾಯಿಲ್ಲೆ ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಓನರ್ ಏನು ಹೇಳಿದರೂ ಕೋಲೆ ಬಸವನ ಹಾಗೆ ತಲೆಯಾಡಿಸಿ ಚೀಲ ಹೆಗಲಿಗೆ ಹಾಕಿಕೊಳ್ಳುವುದು. ಸಂಜೆ ಬೆವರಿನಲ್ಲಿ ಒದ್ದೆಯಾಗಿ ಬಂದು ಕುರ್ಚಿಯಲ್ಲಿ ಕುಸಿಯುವುದು. ಮಾರನೆಯ ದಿನ ಮತ್ತೆ ಅದೇ. ದಣಿವು ಅವನಿಗೆ ಬರುತ್ತಿರಲಿಲ್ಲ, ಅವನ ಜೊತೆಗೇ ವಾಸವಾಗಿತ್ತು.

ಪ್ರೋಗ್ರಾಂ ಸರಿಯಾಗಿದೆಯೇ ಎಂದು ನೋಡಲು ಒಂದು ಟೆಸ್ಟ್ ಡೇಟಾಬೇಸ್ ಬೇಕಾಗುತ್ತದೆ. ಅದರಲ್ಲಿ ಸುಳ್ಳು ರೋಗಿಗಳು, ಸುಳ್ಳು ರೋಗಗಳು. ನಾವೆಲ್ಲ ಬಾಯಿಗೆ ಬಂದ ಹೆಸರು ಹಾಕುತ್ತಿದ್ದೆವು. ಮುರಳಿಗೆ ಹೊಸ ಹೆಸರು ಹೊಳೆಯುತ್ತಿರಲಿಲ್ಲವೋ, ಹೊಳೆಯಿಸುವಷ್ಟು ತ್ರಾಣ ಇರಲಿಲ್ಲವೋ, ಮನೆಯವರನ್ನೇ ಸಾಲಾಗಿ ತುಂಬಿಸಿಬಿಟ್ಟಿದ್ದ. ಹೆಂಡತಿ ಶ್ರೀವಿದ್ಯಾಗೆ ರಕ್ತಹೀನತೆ, ಮಗಳು ಸಂಹಿತಾಗೆ ಕಾಮಾಲೆ, ತಾಯಿ ಅಂಬುಜಮ್ಮನಿಗೆ ಮೂತ್ರಪಿಂಡದ ಕಾಯಿಲೆ. ಅಂಕಿಗಳನ್ನು ಮಾತ್ರ ವೈದ್ಯಕೀಯ ಪುಸ್ತಕ ನೋಡಿ ಶ್ರದ್ಧೆಯಿಂದ ಹಾಕಿದ್ದ. ಅಪಾಯದ ಅಂಕಿ ದಪ್ಪ ಅಕ್ಷರದಲ್ಲಿ ಅಚ್ಚಾಗಬೇಕು, ಅದನ್ನು ಪರೀಕ್ಷಿಸಲು ಅಪಾಯದ ಅಂಕಿಯೇ ಬೇಕು.

ಅವನ ಮನೆ ಕೀಲ್ಪಾಕ್‌ನಲ್ಲಿ, ಮೆಡಿಕಲ್ ಕಾಲೇಜಿನ ಹಿಂದಿನ ಬೀದಿಯಲ್ಲಿ. ಭಾನುವಾರಗಳಲ್ಲಿ ನನ್ನನ್ನು ಊಟಕ್ಕೆ ಕರೆಯುತ್ತಿದ್ದ. ಅಡುಗೆ ಅಂಬುಜಮ್ಮನವರದು. ಬೆಳಕು ಹರಿಯುವ ಮೊದಲು ತಣ್ಣೀರಿನ ಸ್ನಾನ, ಯಾರೂ ಮುಟ್ಟದ ಹಾಗೆ ಗಳುವಿನ ಮೇಲೆ ಒಣಗಿದ ಮಡಿಸೀರೆ, ಆಮೇಲೆ ಅಡುಗೆಮನೆ. ದೇವರಿಗೆ ನೈವೇದ್ಯ ಆಗುವವರೆಗೆ ಅವರನ್ನು ಯಾರೂ ಮುಟ್ಟಬಾರದು, ಮೊಮ್ಮಗಳು ಕೂಡ. ಮುಟ್ಟಿದರೆ ಮತ್ತೆ ಸ್ನಾನ, ಮತ್ತೆ ಮೊದಲಿಂದ. ಗಂಡ ತೀರಿಕೊಂಡ ಮೇಲೂ ಅದು ಹಾಗೇ ನಡೆದಿತ್ತು. ಶ್ರೀವಿದ್ಯಾ ಬ್ಯಾಂಕಿನ ಉದ್ಯೋಗಿ. ಸೊಸೆಯನ್ನು ಅಂಬುಜಮ್ಮ ಅಡುಗೆಮನೆಯೊಳಗೆ ಬಿಡುತ್ತಿರಲಿಲ್ಲ ಎಂದು ನಾವು ತಿಳಿದಿದ್ದೆವು. ನನಗೆ ಹಜಾರದಲ್ಲಿ ಎಲೆ ಹಾಕಿ, ಎತ್ತರದಿಂದ ಸಾರು ಸುರಿಯುತ್ತಿದ್ದರು, ನನ್ನ ಎಲೆಗೆ ಸೌಟು ತಾಗದ ಹಾಗೆ. ರುಚಿ ಬಹಳ ಚೆನ್ನಾಗಿರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಎರಡನ್ನೂ ನುಂಗಿಕೊಂಡು ಉಣ್ಣುತ್ತಿದ್ದೆ.

ಇಷ್ಟೆಲ್ಲ ಮಡಿಯಲ್ಲಿ ಬೇಯಿಸಿ ಕಟ್ಟಿಕೊಟ್ಟ ಮೊಸರನ್ನವನ್ನು ತಿಂದ ಮುರಳಿ ಸಂಜೆ ಲ್ಯಾಬ್‌ನ ಪಕ್ಕದ ಹೋಟೆಲಿನಲ್ಲಿ ಈರುಳ್ಳಿ ಸಾಂಬಾರಿನಲ್ಲಿ ಇಡ್ಲಿ ಮುಳುಗಿಸುತ್ತಿದ್ದ. ನಾನೇ ಜೊತೆಗಿದ್ದೆ. "ಮನೇಲಿ ಹೇಳ್ಬೇಡ ಪಾ, ಪಾವಂ ಅಮ್ಮ, ಬೇಜಾರಾಗ್ತದೆ" ಎನ್ನುತ್ತಿದ್ದ; ಪಾಪ ಎನ್ನಲು ಅವನ ಬಾಯಿಗೆ ಪಾವಂ ಎಂದೇ ಬರುತ್ತಿತ್ತು.

ಎರಡು ಸಾವಿರದ ಎರಡರ ಮಾರ್ಚ್ ಇರಬೇಕು. ಕೀಲ್ಪಾಕ್‌ನಲ್ಲೇ ಇದ್ದ ಒಂದು ಲ್ಯಾಬ್‌ನವರು ಹೊಸ ಸರ್ವರ್ ತಂದರು. ಮುರಳಿ ಶನಿವಾರ ಇಡೀ ಅಲ್ಲಿ ಕೂತು ಎಲ್ಲ ಪ್ರೋಗ್ರಾಂಗಳ ಸಾಲು ತಿದ್ದಿದ. ಯಂತ್ರ ಸರಿಯಿದೆಯೇ ಎಂದು ನೋಡಲು ತನ್ನ ಟೆಸ್ಟ್ ಡೇಟಾಬೇಸನ್ನೂ ಅದರಲ್ಲಿ ಹಾಕಿದ. ಕಿಡ್ನಿ ಪರೀಕ್ಷೆಯ ಪ್ರೋಗ್ರಾಂ ಹೊಸದು, ಕೊನೆಯದು. ಅದರ ಸಾಲನ್ನು ತುಂಡು ತುಂಡಾಗಿ ಸೇರಿಸಿ ಕಟ್ಟಿದ್ದ. ಸರ್ವರಿನ ಹೆಸರನ್ನು ಹೊಸದಕ್ಕೆ ತಿದ್ದಿದ. ಡೇಟಾಬೇಸಿನ ಹೆಸರಿನ ತುಂಡು ಮಾತ್ರ ಟೆಸ್ಟ್ ಎಂದೇ ಉಳಿಯಿತು. ಸರ್ವರ್ ತಪ್ಪಾಗಿದ್ದರೆ ಪ್ರೋಗ್ರಾಂ ಕೂಗಿ ಹೇಳುತ್ತದೆ. ಟೆಸ್ಟ್ ಡೇಟಾಬೇಸ್ ಅದೇ ಸರ್ವರಿನಲ್ಲಿ ಇತ್ತಲ್ಲ, ಬಾಗಿಲು ಸದ್ದಿಲ್ಲದೆ ತೆರೆಯಿತು. ಅವನು ಮುಖ ತೊಳೆದುಕೊಂಡು ಮನೆಗೆ ನಡೆದ.

ಅಂಬುಜಮ್ಮನವರಿಗೆ ಆಗ ಕಾಲು ಊದುತ್ತಿತ್ತು. ಮನೆ ಡಾಕ್ಟರು ಕಿಡ್ನಿ ಪರೀಕ್ಷೆ ಮಾಡಿಸಲು ಬರೆದುಕೊಟ್ಟಿದ್ದರು. ಸೋಮವಾರ ಬೆಳಿಗ್ಗೆ ಶ್ರೀವಿದ್ಯಾ ಅತ್ತೆಯನ್ನು ಆಟೋದಲ್ಲಿ ಅದೇ ಲ್ಯಾಬ್‌ಗೆ ಕರೆದುಕೊಂಡು ಹೋಗಿ ರಕ್ತ ಕೊಡಿಸಿ ಬಂದಳು. ಮಧ್ಯಾಹ್ನ ಕೌಂಟರಿನ ಹುಡುಗಿ ಒಬ್ಬೊಬ್ಬರ ಹೆಸರು ಹೊಡೆದರೆ ಕಿಡ್ನಿ ರಿಪೋರ್ಟ್‌ನಲ್ಲಿ ಯಾರೂ ಸಿಗುತ್ತಿಲ್ಲ. ಬೈದುಕೊಂಡು ಎಲ್ಲರಿಗೂ ಕೈಯಲ್ಲೇ ಬರೆದುಕೊಟ್ಟಳಂತೆ. ಅಂಬುಜಮ್ಮ ಎಂದು ಹೊಡೆದಾಗ ಮಾತ್ರ ಸಿಕ್ಕಿತು. ಒಂದಾದರೂ ಸಿಕ್ಕಿತಲ್ಲ ಎಂದು ಅಚ್ಚು ಹಾಕಿ, ಅತ್ತೆಯನ್ನು ಡಾಕ್ಟರ ಹತ್ತಿರ ಕರೆದೊಯ್ಯಲು ಮತ್ತೆ ಆಟೋದಲ್ಲಿ ಬಂದಿದ್ದ ಶ್ರೀವಿದ್ಯಾಳ ಕೈಗೆ ಕೊಟ್ಟಳು.

ಯಾರೂ ಸಿಗುತ್ತಿಲ್ಲ ಎಂದು ಲ್ಯಾಬ್‌ನಿಂದ ಫೋನ್ ಬಂದಾಗ ಮುರಳಿ ಓಡಿ ಹೋಗಿ ಸಾಲು ತಿದ್ದಿದ. ಒಂದು ರಿಪೋರ್ಟ್ ಆಗಲೇ ಹೊರಗೆ ಹೋಗಿದೆ ಎಂದು ಅವನಿಗೆ ಯಾರೂ ಹೇಳಲಿಲ್ಲ. ಅಂದೇ ಸಂಜೆ ಮನೆಯಲ್ಲಿ ಶ್ರೀವಿದ್ಯಾ ಅಳುತ್ತಿದ್ದಳು. ಕ್ರಿಯಾಟಿನಿನ್ ಎಂಟು ಪಾಯಿಂಟ್ ನಾಲ್ಕು, ಒಂದರ ಆಸುಪಾಸು ಇರಬೇಕಾದದ್ದು. ಡಾಕ್ಟರು ತಲೆ ಅಲ್ಲಾಡಿಸಿ, ಇನ್ನೊಮ್ಮೆ ರಕ್ತ ಕೊಟ್ಟು ನೋಡೋಣ, ಹಾಗೇ ಇದ್ದರೆ ಡಯಾಲಿಸಿಸ್‌ಗೆ ತಯಾರಾಗಬೇಕು ಎಂದಿದ್ದರು. ಮುರಳಿ ಕಾಗದವನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ. ಅಂಕಿ ಕೇಳಿದ್ದೇ ಅವನಿಗೆ ಸಾಕಾಯಿತು. ಅದು ತಾನೇ ವರ್ಷಗಳ ಹಿಂದೆ ಟೈಪ್ ಮಾಡಿದ ಅಂಕಿ ಎಂದು ಆ ಹೆದರಿಕೆಯಲ್ಲಿ ಯಾರಿಗೆ ಹೊಳೆದೀತು?

ಅಂಬುಜಮ್ಮ ಇನ್ನೊಮ್ಮೆ ರಕ್ತ ಕೊಡಲು ಸುತರಾಂ ಒಪ್ಪಲಿಲ್ಲ. ಒಮ್ಮೆ ಕೊಟ್ಟಾಯಿತು, ಮತ್ತೆ ಮತ್ತೆ ಚುಚ್ಚಿಸಿಕೊಳ್ಳಲಾರೆ ಎಂದರು. ಮಾರನೆಯ ಬೆಳಿಗ್ಗೆ ಅವರು ಏಳಲಿಲ್ಲ. ಶ್ರೀವಿದ್ಯಾ ಹೆದರಿ ಹೋಗಿ ನೋಡಿದರೆ ಹಾಸಿಗೆಯಲ್ಲೇ ಕಣ್ಣು ಬಿಟ್ಟುಕೊಂಡು ಮಲಗಿದ್ದರಂತೆ. "ನನ್ನ ಕೈಲಿ ಇನ್ನು ಆಗಲ್ಲಮ್ಮ" ಎಂದಷ್ಟೇ ಹೇಳಿದರು. ಶ್ರೀವಿದ್ಯಾ ತಣ್ಣೀರು ಸುರಿದುಕೊಂಡು, ಗಳುವಿನಿಂದ ಮಡಿಸೀರೆ ಇಳಿಸಿ, ಅಡುಗೆಮನೆಗೆ ಹೋದಳು.

ಆ ವಾರಗಳನ್ನು ನೆನೆದರೆ ಈಗಲೂ ಸುಸ್ತಾಗುತ್ತದೆ. ಶ್ರೀವಿದ್ಯಾ ಕತ್ತಲೆಯಲ್ಲಿ ಎದ್ದು ಮಡಿ ಅಡುಗೆ ಮಾಡಿ, ಅತ್ತೆಗೆ ಉಪ್ಪಿಲ್ಲದ್ದು ಬೇರೆ ಮಾಡಿ, ಬ್ಯಾಂಕಿಗೆ ಓಡುತ್ತಿದ್ದಳು. ಮುರಳಿ ಆಸ್ಪತ್ರೆಗಳನ್ನು ವಿಚಾರಿಸಿ ಬಂದು ಮಧ್ಯಾಹ್ನ ಲ್ಯಾಬ್‌ಗಳಿಗೆ ಅಲೆಯುತ್ತಿದ್ದ. ಬಸ್ಸಿನಲ್ಲಿ ನಿಂತೇ ನಿದ್ದೆ ಮಾಡಿ ಇಳಿಯಬೇಕಾದಲ್ಲಿ ಇಳಿಯದೆ ಮುಂದೆ ಹೋಗಿಬಿಡುತ್ತಿದ್ದ. ಒಮ್ಮೆ ನಾನು ಮನೆಗೆ ಹೋದಾಗ ಸಂಹಿತಾ ಬಾಗಿಲಲ್ಲೇ ತಡೆದು, "ಮೆದುವಾ ಪೇಸುಂಗ ಅಂಕಲ್, ಪಾಟಿ ತೂಂಗರಾಂಗ" ಎಂದು ಪಿಸುಗುಟ್ಟಿದಳು. ಅಜ್ಜಿ ನಿದ್ದೆ ಮಾಡುತ್ತಿದ್ದಾರೆ, ಮೆಲ್ಲಗೆ ಮಾತಾಡಿ ಎಂದು. ಕನ್ನಡದಲ್ಲಿ ಕೇಳಿದರೂ ಆ ಹುಡುಗಿ ಉತ್ತರಿಸುವುದು ತಮಿಳಿನಲ್ಲೇ.

ಅಂಬುಜಮ್ಮ ಹಜಾರದ ಈಸಿ ಚೇರಿನಲ್ಲಿ ಮಲಗಿದ್ದರು. ಹಗಲು ಹೊತ್ತಿನಲ್ಲಿ ಅವರು ಒರಗಿದ್ದನ್ನು ನಾನು ಕಂಡದ್ದೇ ಅದು ಮೊದಲು. ಎಚ್ಚರವಾದ ಮೇಲೆ ಮೊಮ್ಮಗಳು ಹೋಗಿ ತೊಡೆಗೆ ಒರಗಿದಳು. ಅವರು ಅವಳ ಜಡೆ ಬಿಚ್ಚಿ ಮತ್ತೆ ಹೆಣೆದರು. ಸಾಯಲು ಸಿದ್ಧವಾದವರ ಮುಖ ಹಾಗಿರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಕಾಲಿನ ಊತವೂ ಇಳಿದಿತ್ತು. ರೋಗ ಬಂದು ಮುದುಕಿ ಚೆನ್ನಾದಳಲ್ಲ ಎಂದು ಒಂದು ಕೆಟ್ಟ ಯೋಚನೆ ಬಂತು; ನಾಲಗೆ ಕಚ್ಚಿಕೊಂಡೆ.

ಒಬ್ಬ ಕಿಡ್ನಿ ತಜ್ಞರು ಭಾನುವಾರ ಬೆಳಿಗ್ಗೆ ರಿಪೋರ್ಟ್ ತನ್ನಿ ಎಂದಿದ್ದರು. ನನ್ನ ಹತ್ತಿರ ಸ್ಕೂಟರ್ ಇತ್ತು, ಮುರಳಿ ಜೊತೆಗೆ ಬಾ ಎಂದ. ಹೊರಡುವ ಮೊದಲು ಬೀದಿಯಲ್ಲಿ ನಿಂತು, ಎಲ್ಲ ತೆಗೆದುಕೊಂಡೆನೇ ಎಂದು ನೋಡಲು ಲಕೋಟೆಯಿಂದ ಕಾಗದ ಎಳೆದ. ಅವತ್ತೇ ಅವನು ಅದನ್ನು ಮೊದಲ ಸಲ ಓದಿದ್ದು.

"ವಯಸ್ಸು ಅರವತ್ತೆಂಟು ಅಂತ ಇದೆ ಪಾ" ಎಂದ. "ಅಮ್ಮನಿಗೆ ಎಪ್ಪತ್ತೆರಡು."

"ಆ ಹುಡ್ಗಿ ತಪ್ ಹೊಡ್ದಿರ್ತಾಳೆ. ಹತ್ತು, ಲೇಟಾಗುತ್ತೆ."

ಅವನು ಹತ್ತಲಿಲ್ಲ. ಪರೀಕ್ಷೆಗೆ ಬರೆದುಕೊಟ್ಟ ಡಾಕ್ಟರ ಹೆಸರಿನ ಜಾಗಕ್ಕೆ ಬೆರಳಿಟ್ಟು ನನಗೆ ತೋರಿಸಿದ. ಡಾಕ್ಟರ್ ವಿಷ್ಣುತೀರ್ಥ ಎಂದಿತ್ತು.

"ಯಾರು ಇವ್ರು?"

"ನಮ್ಮಪ್ಪ."

ಅವನ ಅಪ್ಪ ಪೋಸ್ಟಾಫೀಸಿನಲ್ಲಿ ಗುಮಾಸ್ತರಾಗಿದ್ದು ಸತ್ತವರು. ಟೆಸ್ಟ್ ಡೇಟಾಬೇಸಿನಲ್ಲಿ ರೋಗಿಗಳಿಗೆ ಒಬ್ಬ ಡಾಕ್ಟರ್ ಬೇಕಿತ್ತು, ಮನೆಯಲ್ಲಿ ಉಳಿದಿದ್ದ ಹೆಸರು ಅದೊಂದೇ. ಬಡವ ನಡುಬೀದಿಯಲ್ಲಿ ಕುಕ್ಕರಿಸಿಬಿಟ್ಟ. ಶನಿವಾರ, ಸೋಮವಾರ, ಯಾರೂ ಸಿಗುತ್ತಿಲ್ಲ ಎಂಬ ಫೋನು, ಎಲ್ಲವನ್ನೂ ತೊದಲುತ್ತಾ ಹೇಳಿದ. ನಾವು ತಜ್ಞರ ಹತ್ತಿರ ಹೋಗಲಿಲ್ಲ. ನೇರ ಲ್ಯಾಬ್‌ಗೆ ಹೋದೆವು. ಪರೀಕ್ಷೆಯ ಯಂತ್ರ ಆ ಸೋಮವಾರ ತಾನೇ ಕಳಿಸಿದ್ದ ನಿಜವಾದ ಫಲಿತಾಂಶ ಸರಿಯಾದ ಡೇಟಾಬೇಸಿನಲ್ಲಿ ಹಾಗೇ ಕೂತಿತ್ತು, ಯಾರೂ ಕೇಳದೆ. ಕ್ರಿಯಾಟಿನಿನ್ ಒಂದು ಪಾಯಿಂಟ್ ಒಂದು. ಆ ವಯಸ್ಸಿಗೆ ಚಿಂತೆಯಿಲ್ಲ ಎಂದು ಲ್ಯಾಬ್‌ನ ಡಾಕ್ಟರೇ ಹೇಳಿದರು. ಮುರಳಿ ಅತ್ತ. ನನಗೆ ಇಷ್ಟು ದಿನ ಆ ಮನೆಯವರು ಪಟ್ಟ ಪಾಡು ನೆನೆದು ಅವನಿಗೆ ಎರಡು ಬಿಡಬೇಕು ಅನಿಸಿತು.

ಮನೆಗೆ ಬಂದಾಗ ಒಳಗಿನಿಂದ ಸಾರಿನ ಒಗ್ಗರಣೆ ಸದ್ದು. ಭಾನುವಾರವಾದರೂ ಶ್ರೀವಿದ್ಯಾ ಮಡಿಯಲ್ಲಿದ್ದಳು. ಸಂಹಿತಾ ಟ್ಯೂಷನ್‌ಗೆ ಹೋಗಿದ್ದಳು. ಮುರಳಿ ಈಸಿ ಚೇರಿನ ಪಕ್ಕ ನೆಲದ ಮೇಲೆ ಕೂತ. ನಾನು ಬಾಗಿಲ ಬಳಿ ನಿಂತೆ.

"ಅಮ್ಮಾ, ಆ ರಿಪೋರ್ಟ್ ತಪ್ಪು. ನನ್ನ ಕೈಯಿಂದಲೇ ಆದ ತಪ್ಪು. ನಿನಗೆ ಏನೂ ಆಗಿಲ್ಲ."

ಅಂಬುಜಮ್ಮ ಅಲುಗಲಿಲ್ಲ. "ಗೊತ್ತು" ಎಂದರು.

"ಹೇಗೆ ಗೊತ್ತು?"

"ಅದ್ರಲ್ಲಿ ನಿಮ್ಮಪ್ಪನ್ನ ಡಾಕ್ಟರ್ ಮಾಡಿಟ್ಟಿದ್ಯಲ್ಲೋ. ಆಟೋದಲ್ಲಿ ಬರ್ತಾನೇ ಶ್ರೀವಿದ್ಯಾ ಕೈಯಿಂದ ಈಸ್ಕೊಂಡು ನೋಡಿದೆ. ಅವಳು ಪಾವಂ, ಅಂಕಿ ನೋಡಿ ಅಳ್ತಾ ಇದ್ಲು. ಇಂಗ್ಲಿಷ್ ಅಕ್ಷರ ಕೂಡಿಸಿ ಓದೋಷ್ಟು ನಂಗೂ ಬರ್ತದೆ ಪಾ. ಏನೋ ನಿನ್ನ ಕಂಪ್ಯೂಟರ್ ಕೆಲಸ ಇದು ಅಂತ ಅವತ್ತೇ ಅನಿಸ್ತು."

"ಮತ್ತೆ ಯಾಕೆ ಸುಮ್ಮನಿದ್ದೆ? ನಾವು ಎಷ್ಟು ಹೆದರಿದೆವು ಗೊತ್ತಾ?"

ಅವರು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಡಾಕ್ಟರಿಗೆ ಹೇಳು. ಮನೇಲಿ ಹೇಳ್ಬೇಡ."

ನನಗೆ ತಡೆಯಲಾಗಲಿಲ್ಲ. "ಅಮ್ಮಾರೇ, ಒಳಗಿರೋರ ಗತಿ ಏನು? ಅವ್ರೂ ಮನುಷ್ಯರಲ್ವಾ?"

ಅಂಬುಜಮ್ಮ ನನ್ನ ಮೇಲೆ ಸಿಟ್ಟಾಗಲಿಲ್ಲ. "ನಿಜ ಅಂದಾನಿ. ಅವಳಿಗೂ ಆಗ್ತಾ ಇಲ್ಲ, ಕಾಣ್ತದೆ ನಂಗೆ. ದಿನಾ ಈಗ ಹೇಳೋಣ, ಈಗ ಹೇಳೋಣ ಅಂತ ಅನ್ಕೋತೀನಿ. ಬೆಳಿಗ್ಗೆ ಆ ನೀರು ಸುರ್ಕೊಳ್ಳೋ ಸದ್ದು ಕೇಳಿದ್ರೆ ಬಾಯಿ ಬರಲ್ಲ. ಹೇಳಿದ್ರೆ ನಾಳೆಯಿಂದ ಮತ್ತೆ ನಾನೇ ತಾನೆ. ಉಪ್ಪಿಲ್ದೆ ತಿಂದ್ರೂ ಪರವಾಯಿಲ್ಲೆ, ಮಲಗಿರ್ತೀನಿ ಅಂತ ಆಗ್ಬಿಟ್ಟಿದೆ."

"ಈ ಮಡಿ ಎಲ್ಲಾ ನಂಗೆ ಬೇಕು ಅಂತ ನಾ ಯಾವಾಗ ಕೇಳಿದೆ ಅಮ್ಮಾ?" ಮುರಳಿಯ ದನಿ ಒಡೆದಿತ್ತು. "ನಾನು ಹೊರಗೆ ಈರುಳ್ಳಿ ಎಲ್ಲಾ ತಿಂತೀನಿ. ವರ್ಷಗಳಿಂದ ತಿಂತೀನಿ."

"ಅದೂ ಗೊತ್ತು. ಸಂಜೆ ನೀ ಬಂದು ಬಾಯಿ ಬಿಟ್ರೆ ಗೊತ್ತಾಗಲ್ವಾ?"

"ಗೊತ್ತಿದ್ದೂ ಯಾರಿಗೋಸ್ಕರ ಮಾಡ್ತಿದ್ದೆ?"

ಅಂಬುಜಮ್ಮ ಫ್ಯಾನ್ ನೋಡುತ್ತಾ ಹೇಳಿದರು. "ಸಾಕಮ್ಮ ಬಿಡು ಅಂತ ನೀ ಹೇಳ್ತೀ ಅಂತ ಕಾದೆ. ನಿಮ್ಮಪ್ಪ ಹೋದ ವರ್ಷ ಹೇಳ್ತೀ ಅಂದ್ಕೊಂಡೆ. ಕಾಲು ಊದಿದಾಗ ಹೇಳ್ತೀ ಅಂದ್ಕೊಂಡೆ. ಅವರ ಮನೆತನದ ಆಚಾರ, ನಾನಾಗಿ ನಾನು ಹೇಗೆ ಬಿಡ್ಲಿ? ನೀ ಹೇಳ್ಲೇ ಇಲ್ವಲ್ಲೋ."

ಮುರಳಿಯ ಮುಖ ನೋಡಲಾಗದೆ ನಾನು ಬೀದಿಯ ಕಡೆ ತಿರುಗಿದೆ. ಅವನು ಎದ್ದ ಸದ್ದಾಗಿ ಮತ್ತೆ ಒಳಗೆ ನೋಡಿದೆ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೂಗಿ ಹೇಳುತ್ತಾನೆ ಎಂದುಕೊಂಡೆ, ಆ ಮನೆಯಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಅವನು ನಿಲ್ಲಲಿಲ್ಲ. ಲ್ಯಾಬ್‌ಗೆ ಹೋಗಿಬಂದ ಬೆವರಿನ ಶರ್ಟು ಪ್ಯಾಂಟಿನಲ್ಲೇ ಹೊಸ್ತಿಲು ದಾಟಿ ಹೋಗಿ, ಒಲೆ ಆರಿಸಿ, ಶ್ರೀವಿದ್ಯಾಳ ಕೈ ಹಿಡಿದ.

"ಏನು ಮಾಡಿದ್ರಿ" ಎಂದಳು ಅವಳು, ಗಾಬರಿಯಿಂದ. "ಮುಟ್ಟಿಬಿಟ್ರಲ್ಲ. ಮತ್ತೆ ಸ್ನಾನ ಮಾಡಿ ಮೊದಲಿಂದ ಮಾಡ್ಬೇಕು."

"ಬೇಡ. ಸಾಕು."

"ಅತ್ತೆ ಇದಾರೆ..."

ಅವಳು ಅವನ ಭುಜದ ಆಚೆಯಿಂದ ಹಜಾರದ ಕಡೆ ನೋಡಿದಳು. ನಾನೂ ನೋಡಿದೆ. ಅಂಬುಜಮ್ಮ ಎಲ್ಲವನ್ನೂ ಕಂಡಿದ್ದರು. ಶ್ರೀವಿದ್ಯಾಳ ಕಣ್ಣಿಗೆ ಒಮ್ಮೆ ಕಣ್ಣು ಸೇರಿಸಿ, ಆಮೇಲೆ ಮೆಲ್ಲಗೆ ಕಣ್ಣು ಮುಚ್ಚಿಕೊಂಡು ಕುರ್ಚಿಗೆ ಒರಗಿದರು. ಶ್ರೀವಿದ್ಯಾ ಮಡಿಸೀರೆಯಲ್ಲೇ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತುಬಿಟ್ಟಳು.